ಒಂದು ಡಾಲರ್ ಜಗಳ, ಒಂದು ಹಳದಿ ಪಿನ್

ಆಜರಾ, ಗಡಹಿಂಗ್ಲಜ, ಸಂಕೇಶ್ವರದ ಕಡೆಯ ಹಳೆಯ ಮದುವೆ ಸಿಡಿಗಳನ್ನು ನೋಡಿದವರಿಗೆ ಈ ತಮಾಷೆ ಗೊತ್ತು. ಭಟ್ಟರೋ ಅಯ್ಯನವರೋ ಮಂಗಲಾಷ್ಟಕ ಮುಗಿಸಿ ‘ಸಾವಧಾನ’ ಅನ್ನುವುದರೊಳಗೆ ಅಕ್ಷತೆ ಬಿದ್ದುಹೋಗಿರುತ್ತದೆ. ಅರಿಶಿಣದ ಶಾಸ್ತ್ರದಲ್ಲಿ ಸರಿಯಾಗಿಯೇ ಇದ್ದ ಮಾತು, ಊಟದ ಪಂಕ್ತಿಯ ಹೊತ್ತಿಗೆ ತುಟಿಗಿಂತ ಎರಡು ಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಭಟ್ಟರದೂ ತಪ್ಪಿಲ್ಲ, ಕ್ಯಾಮೆರಾದವನದೂ ಇಲ್ಲ. ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವಾಗ ಯಂತ್ರ ದಣಿದು ಆಗೊಂದು ಈಗೊಂದು ಫ್ರೇಮ್ ಬಿಟ್ಟಿದೆ. ದನಿಯನ್ನು ಮಾತ್ರ ಪೂರ್ತಿ ಹಿಡಿದಿದೆ. ಚಿತ್ರ ಗಿಡ್ಡವಾಯಿತು, ದನಿ ಉದ್ದ ಉಳಿಯಿತು. ಈ ಎಡವಟ್ಟಿನ ಬೇರು ಹುಡುಕುತ್ತ ಹೋದರೆ ಅಮೆರಿಕದ ಎರಡು ದೊಡ್ಡ ಕಂಪನಿಗಳ ನಡುವಿನ ಒಂದು ಡಾಲರಿನ ಜಗಳ ಸಿಗುತ್ತದೆ.

ಮೊದಲಿನ ಕಾಲವನ್ನು ಬೇಗ ದಾಟಿಬಿಡೋಣ. ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ವಿಎಚ್‌ಎಸ್ ತಂದಿತು. 1985ರಲ್ಲಿ ಸೋನಿಯವರ ಎಂಟು ಮಿಲಿಮೀಟರ್ ಟೇಪಿನ ಪುಟ್ಟ ಕ್ಯಾಮೆರಾ ಬಂತು, ಹ್ಯಾಂಡಿಕ್ಯಾಮ್ ಅನ್ನುವ ಹೆಸರು ಬೆಳೆದದ್ದು ಆಮೇಲೆ. ನಮ್ಮ ಕಡೆ ಮದುವೆಗೆ ಬರುತ್ತಿದ್ದದ್ದು ಹೆಗಲ ಮೇಲಿಟ್ಟುಕೊಳ್ಳುವ ದೊಡ್ಡ ಪ್ಯಾನಾಸೋನಿಕ್. ಜೊತೆಗೊಬ್ಬ ಲೈಟ್ ಹಿಡಿಯುವ ಹುಡುಗ, ಆ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡ ಬೀಗರು. ಆ ಕಾಲದ ಟೇಪುಗಳಲ್ಲಿ ಚಿತ್ರವೆಂದರೆ ಏರಿಳಿಯುವ ವಿದ್ಯುತ್ ಅಲೆ; ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ನಕಲು ಮಾಡಿದಷ್ಟೂ ಮಸುಕು.

ಇದನ್ನು ಬದಲಿಸಿದ್ದು 1995. ಆ ವರ್ಷ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮಿನಿ ಡಿವಿ ಟೇಪು ಬಂತು. ಇದರಲ್ಲಿ ಅಲೆಯ ಬದಲು ಅಂಕಿಗಳು, ಚಿತ್ರಕ್ಕೆಂದೇ ಸೆಕೆಂಡಿಗೆ ಎರಡೂವರೆ ಕೋಟಿ ಬಿಟ್. ಅದೇ ವರ್ಷ ಐಇಇಇ 1394 ಎಂಬ ತಂತಿಯ ಮಾನದಂಡವೂ ಸಿದ್ಧವಾಯಿತು. ಆ್ಯಪಲ್ ಅದನ್ನು ಫೈರ್‌ವೈರ್ ಎಂದಿತು, ಸೋನಿ ಐ-ಲಿಂಕ್ ಎಂದಿತು. ತಂತಿಯ ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ಕಂಪ್ಯೂಟರಿಗೆ. ಟೇಪಿನಲ್ಲಿದ್ದ ಅಂಕಿಗಳೇ ಇದ್ದ ಹಾಗೆ ಹಾರ್ಡ್ ಡಿಸ್ಕಿಗೆ ಇಳಿಯುತ್ತಿದ್ದವು. ಚಿತ್ರವೂ ದನಿಯೂ ಒಂದೇ ಕಟ್ಟಿನಲ್ಲಿ ಬರುವುದರಿಂದ ಒಂದು ಮುಂದೆ ಒಂದು ಹಿಂದೆ ಆಗುವ ಪ್ರಶ್ನೆಯೇ ಇರಲಿಲ್ಲ. ಮನೆಯ ಮೇಜಿನ ಮೇಲೆ, ಮೂಲಕ್ಕೆ ಕೂದಲೆಳೆಯಷ್ಟೂ ಕಡಿಮೆಯಿಲ್ಲದ ನಕಲು! 2001ರಲ್ಲಿ ಈ ತಂತಿಗಾಗಿ ಆ್ಯಪಲ್‌ಗೆ ಎಮ್ಮಿ ತಾಂತ್ರಿಕ ಪ್ರಶಸ್ತಿಯೂ ಸಿಕ್ಕಿತು.

ಆದರೆ ಜಗಳ ಅದಕ್ಕಿಂತ ಮೊದಲೇ ಆಗಿಹೋಗಿತ್ತು. 1999ರ ಆರಂಭದಲ್ಲಿ ಆ್ಯಪಲ್ ಒಂದು ಬೇಡಿಕೆ ಮುಂದಿಟ್ಟಿತು: ಫೈರ್‌ವೈರ್ ಕಿಂಡಿ ಕೊರೆಯುವವರು ಕಿಂಡಿಗೊಂದು ಡಾಲರ್ ಕೊಡಬೇಕು. ಕೇಳಲಿಕ್ಕೆ ಚಿಲ್ಲರೆ. ಆದರೆ ಕಂಪ್ಯೂಟರ್ ತಯಾರಕರು ಪೈಸೆಗಳ ಲೆಕ್ಕದಲ್ಲಿ ಬದುಕುವವರು. ಕೋಟಿಗಟ್ಟಲೆ ಬೋರ್ಡುಗಳಿಗೆ ಚಿಪ್ ಕೊಡುವ ಇಂಟೆಲ್ ಇದಕ್ಕೆ ಸಿಟ್ಟಾಯಿತು. ಕೆಲವೇ ತಿಂಗಳಲ್ಲಿ ಪೇಟೆಂಟ್ ಇದ್ದ ಕಂಪನಿಗಳೆಲ್ಲ ಒಟ್ಟುಗೂಡಿ ಯಂತ್ರಕ್ಕೆ 25 ಸೆಂಟ್ ಎಂದು ಇಳಿಸಿದವು ನಿಜ, ಅಷ್ಟರಲ್ಲಿ ಮನಸ್ಸು ಮುರಿದಿತ್ತು. ಇಂಟೆಲ್ ತನ್ನ ಚಿಪ್‌ಸೆಟ್‌ಗಳಲ್ಲಿ ಫೈರ್‌ವೈರ್ ಸೇರಿಸಲಿಲ್ಲ; 2000ದಲ್ಲಿ ಬಂದ ಯುಎಸ್‌ಬಿ 2.0 ಬೆನ್ನಿಗೆ ನಿಂತಿತು. ಯಾರದು ಸರಿ ಎಂದು ಇವತ್ತಿಗೂ ವಾದ ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಇಬ್ಬರೂ ಸಣ್ಣತನ ಮಾಡಿದರು, ದಂಡ ಕಟ್ಟಿದವರು ನಾವು.

ಹೇಗೆಂದರೆ, ನಮ್ಮ ಊರುಗಳಲ್ಲಿ ಬ್ರ್ಯಾಂಡ್ ಕಂಪ್ಯೂಟರ್ ಕೊಂಡವರು ಎಷ್ಟು ಜನ? ಕೊಲ್ಹಾಪುರದಿಂದಲೋ ಬೆಳಗಾವಿಯಿಂದಲೋ ಬಿಡಿಭಾಗ ತರಿಸಿ ಜೋಡಿಸಿದ ‘ಅಸೆಂಬಲ್ಡ್’ ಯಂತ್ರಗಳೇ ಹೆಚ್ಚು. ಅವುಗಳ ಬೆನ್ನಿನಲ್ಲಿ ಆ ಕಿಂಡಿ ಇರುತ್ತಿರಲಿಲ್ಲ. ಬೇಕಿದ್ದರೆ ಬೇರೆ ಕಾರ್ಡ್ ಹಾಕಿಸಬೇಕು. ಅದನ್ನು ಯಾರು ಹೇಳಬೇಕು? ಹೀಗಾಗಿ ಎಲ್ಲರಿಗೂ ಗೊತ್ತಿದ್ದ ದಾರಿ ಒಂದೇ, ಹಳದಿ ಪಿನ್. ಹಳದಿ ಚಿತ್ರಕ್ಕೆ, ಬಿಳಿ ಕೆಂಪು ದನಿಗೆ. ಟಿವಿ ಟ್ಯೂನರ್ ಕಾರ್ಡಿಗೆ ಹಳದಿ ಚುಚ್ಚಿ, ದನಿಯನ್ನು ಸೌಂಡ್ ಕಾರ್ಡಿಗೆ ಕೊಟ್ಟು ಕೂತರೆ ಆಯಿತು. ಟೇಪಿನಲ್ಲಿದ್ದ ಶುದ್ಧ ಅಂಕಿ ಮೊದಲು ಅಲೆಯಾಗಿ, ಅಲೆ ಮತ್ತೆ ಅಂಕಿಯಾಗಿ, ಎರಡು ಕಾರ್ಡುಗಳ ಎರಡು ಗಡಿಯಾರಗಳ ನಡುವೆ ಸಿಕ್ಕಿ ನಲುಗಿ ಬರುತ್ತಿತ್ತು. ಭಟ್ಟರು ಹಿಂದೆ ಬಿದ್ದದ್ದು ಇಲ್ಲಿಯೇ.

ಮುಂದಿನ ಹಂತ ವಿಸಿಡಿ. 1993ರಲ್ಲಿ ರೂಪುಗೊಂಡ ಈ ಬಗೆ, ಡಿವಿಡಿ ಪ್ಲೇಯರ್ ಎಟುಕದ ಏಷ್ಯಾದ ಮನೆಗಳಲ್ಲಿ ಮೆರೆದದ್ದು. ಅದರ ಚಿತ್ರ 352 ಚುಕ್ಕೆ ಅಗಲ, 288 ಎತ್ತರ. ಟೇಪಿನದು 720ಕ್ಕೆ 576. ಅಂದರೆ ಕಾಲು ಭಾಗಕ್ಕೂ ಕಡಿಮೆ. ಸೆಕೆಂಡಿಗೆ ಸಿಗುವ ಬಿಟ್‌ಗಳು ಟೇಪಿನ ಇಪ್ಪತ್ತರಲ್ಲಿ ಒಂದು ಪಾಲು. ಮದುಮಗಳ ಸೀರೆಯ ಜರಿ ಚೌಕಚೌಕವಾಗಿ ಒಡೆಯುತ್ತಿದ್ದದ್ದು ಅದಕ್ಕೇ. ಹಾಗಂತ ದುಡಿದವರನ್ನು ಹಗುರಾಗಿ ಕಾಣಲಾರೆ. ಒಂದು ಗಂಟೆಯ ಟೇಪು ಇಳಿಸಲು ಒಂದು ಗಂಟೆ ಬೇಕೇ ಬೇಕು. ಆಮೇಲೆ ಅದನ್ನು ಎಂಪೆಗ್ ಮಾಡಲು ಆ ಕಾಲದ ಪೆಂಟಿಯಂ ಇಡೀ ರಾತ್ರಿ ಒದ್ದಾಡುತ್ತಿತ್ತು. ಮಹಾರಾಷ್ಟ್ರದ ಹಳ್ಳಿ ಹಳ್ಳಿಯಲ್ಲೂ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್ ಇದ್ದ ದಿನಗಳವು. ಬೆಳಗಿನ ಜಾವ ತೊಂಬತ್ತು ಪ್ರತಿಶತಕ್ಕೆ ಬಂದಾಗ ಕರೆಂಟು ಹೋದರೆ ಮತ್ತೆ ಸೊನ್ನೆಯಿಂದ ಶುರು. ನೀರೋ ತಂತ್ರಾಂಶ ಹಾಕಿ ಬರ್ನ್ ಮಾಡುವಾಗ ಹೋದರೆ ಡಿಸ್ಕೂ ಹಾಳು.

ನನಗೆ ನಿಜಕ್ಕೂ ಸಿಟ್ಟು ಬರುವುದು ಮುಂದಿನ ಕೆಲಸಕ್ಕೆ. ‘ಸಿಡಿ ಆಯಿತಲ್ಲ’ ಎಂದು ಮೂಲ ಟೇಪಿನ ಮೇಲೆಯೇ ಮುಂದಿನ ಮುಂಜಿ, ಗೃಹಪ್ರವೇಶ ತುಂಬಿದರು. ಟೇಪು ಉಳಿಸಿದ ದುಡ್ಡೆಷ್ಟು, ಕಳೆದುಕೊಂಡದ್ದೆಷ್ಟು!

ಮೂಲವನ್ನು ಕಾಪಾಡದಿರುವುದು ನಮ್ಮ ಸೀಮೆಯ ಹಳೆಯ ಚಾಳಿ. ಆಜರೆಯಿಂದ ಒಂದು ಹಗಲಿನಲ್ಲಿ ಹೋಗಿ ಬರಬಹುದಾದ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ತನ್ನ ಕೈಯಾರೆ ಸಿನಿಮಾ ಕ್ಯಾಮೆರಾ ಕಟ್ಟಿದ. ದಾಮ್ಲೆಯವರ ನೆರವಿನಿಂದ ಅದು ಸಿದ್ಧವಾಗಿ, 1920ರಲ್ಲಿ ‘ಸೈರಂಧ್ರಿ’ ತೆರೆಗೆ ಬಂತು. ಅವನ ಮೂಕಿ ಚಿತ್ರಗಳಲ್ಲಿ ಬಹುಪಾಲು ಇಂದು ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಚಿತ್ರಿತವಾದದ್ದೂ ಅದೇ ಊರಿನ ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆ. ಅದರ ಒಂದೇ ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಭಾಷೆ ತೆರೆಯ ಮೇಲೆ ಮೊದಲು ಮಾತಾಡಿದ್ದು ಹೇಗಿತ್ತೆಂದು ಕೇಳುವ ಭಾಗ್ಯ ಯಾರಿಗೂ ಇಲ್ಲ. ಆಗ ಫಿಲ್ಮು ಹೋಯಿತು, ಈಗ ಟೇಪು.

ಡಿವಿಡಿ ಬಂದ ಮೇಲೆ ಚಿತ್ರವೇನೋ ಸುಧಾರಿಸಿತು. ಮೈನಸ್ ಡಿಸ್ಕೋ ಪ್ಲಸ್ ಡಿಸ್ಕೋ ಎಂಬ ಇನ್ನೊಂದು ಕಂಪನಿ ಜಗಳವನ್ನೂ ಕಂಡದ್ದಾಯಿತು. ಆದರೆ ಮನೆಯಲ್ಲಿ ಬರ್ನ್ ಮಾಡಿದ ಡಿಸ್ಕಿನಲ್ಲಿ ಮಾಹಿತಿ ಕೂರುವುದು ಬಣ್ಣದ ಒಂದು ತೆಳು ಪದರದಲ್ಲಿ. ಬಿಸಿಲು, ತೇವ, ಅಂಟಿಸಿದ ಲೇಬಲ್ ಎಲ್ಲವೂ ಅದಕ್ಕೆ ಶತ್ರು. ಅಂಬೋಲಿ ಘಟ್ಟದ ಮಗ್ಗುಲ ಆಜರೆಯ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಟೇಪು ಇನ್ನೂ ಓಡುತ್ತದೆ, ಅದರ ‘ಶಾಶ್ವತ’ ನಕಲೆಂದು ಮಾಡಿಸಿದ ಡಿಸ್ಕ್ ಓಡುವುದಿಲ್ಲ. ಆ ಡಿಸ್ಕುಗಳನ್ನು ದೇಶಕ್ಕೆಲ್ಲ ಹಂಚಿದ ಮೋಸರ್ ಬೇರ್ ಕಂಪನಿಯೇ 2018ರಲ್ಲಿ ದಿವಾಳಿಯಾಗಿ ಮುಚ್ಚಿತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈಬಿಟ್ಟಿತ್ತು. 2025ರಲ್ಲಿ ಆ್ಯಪಲ್ ತನ್ನ ಹೊಸ ಮ್ಯಾಕ್ ವ್ಯವಸ್ಥೆಯಿಂದ ಫೈರ್‌ವೈರ್ ಬೆಂಬಲವನ್ನೇ ತೆಗೆದುಹಾಕಿತು. ಡಾಲರ್ ಕೇಳಿದವರೇ ಕಿಂಡಿ ಮುಚ್ಚಿದರು.

ಇನ್ನೂ ಹೊತ್ತು ಮೀರಿಲ್ಲ. ನಿಮ್ಮ ಟ್ರಂಕಿನಲ್ಲಿ ಮಿನಿ ಡಿವಿ ಟೇಪು ಇದ್ದು, ಅದನ್ನು ಓಡಿಸುವ ಕ್ಯಾಮೆರಾ ಯಾರ ಮನೆಯಲ್ಲಾದರೂ ಇದ್ದರೆ, ಹಳೆಯದೊಂದು ಡೆಸ್ಕ್‌ಟಾಪಿಗೆ ಫೈರ್‌ವೈರ್ ಕಾರ್ಡ್ ಹಾಕಿ ಲಿನಕ್ಸ್ ತುಂಬಿಸಿ. ಹಳದಿ ಪಿನ್ನಿನ ತಂಟೆಗೆ ಹೋಗಬೇಡಿ. ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಅಂದು ಅದು ಇಡೀ ಹಾರ್ಡ್ ಡಿಸ್ಕಿನ ಅರ್ಧ ನುಂಗುತ್ತಿತ್ತು, ಇಂದು ಪೆನ್‌ಡ್ರೈವ್ ಸಾಕು. ವಿಎಚ್‌ಎಸ್ ಆದರೆ ಮುಚ್ಚಳ ಎತ್ತಿ ನೋಡಿ. ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ತೂರಿಸಬೇಡಿ, ಹೆಡ್ಡೂ ಹಾಳು, ಟೇಪೂ ಹಾಳು. ಬಲ್ಲವರ ಕೈಯಲ್ಲಿ ಶುಚಿ ಮಾಡಿಸಿ. ನಕಲನ್ನು ಎರಡು ಕಡೆ ಇಡಿ, ಒಂದು ಬೇರೆ ಊರಿನಲ್ಲಿರಲಿ. ಡಿವಿಡಿ ಇದೆಯಲ್ಲ ಎಂದು ಕ್ಯಾಸೆಟ್ಟನ್ನು ಮಾತ್ರ ಗುಜರಿಗೆ ಹಾಕಬೇಡಿ.