ನೇಣಿಗೂ 14 ವರ್ಷಕ್ಕೂ ನಡುವೆ

ಕೊಲೆ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆಯಾಯಿತೆಂದು ಟಿ.ವಿ.ಯಲ್ಲಿ ಬಂದರೆ ಹೋಟೆಲಿನಲ್ಲಿ ಕಾಫಿ ಕುಡಿಯುವವರ ನಡುವೆ ಒಂದು ಮಾತು ಬಂದೇ ಬರುತ್ತದೆ: ‘ಬಿಡ್ರೀ, 14 ವರ್ಷ ಆದ್ಮೇಲೆ ಆಚೆ ಬರ್ತಾನೆ.’ ಕಾನೂನು ಹಾಗೆ ಹೇಳುವುದಿಲ್ಲ. ಜೀವಾವಧಿ ಎಂದರೆ ಕೈದಿಯ ಉಸಿರಿರುವಷ್ಟು ಕಾಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಗೋಪಾಲ ಗೋಡ್ಸೆ ಪ್ರಕರಣದಲ್ಲಿ ಹೇಳಿದೆ. ಈ 14 ವರ್ಷ 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ್ದು. ನೇಣಿಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿಯಾದವನನ್ನು ಸರ್ಕಾರ ಅದಕ್ಕಿಂತ ಮೊದಲು ಬಿಡಬಾರದು ಎಂಬುದಷ್ಟೇ ಅದರ ಅರ್ಥ. ಆದರೆ ಅಷ್ಟಾದ ಮೇಲೆ ಬಿಟ್ಟೇ ಬಿಡುತ್ತಾರೆ ಎಂಬ ಗುಮಾನಿ ಜನರಲ್ಲಿ ಬೇರೂರಿದೆ. ನ್ಯಾಯಮೂರ್ತಿಗಳಿಗೂ ಅದೇ ಗುಮಾನಿ ಇತ್ತು. ಅದನ್ನು ಅವರು ತೀರ್ಪಿನಲ್ಲೇ ಬರೆದಿಟ್ಟದ್ದು ಬೆಂಗಳೂರು ದಂಡು ಪ್ರದೇಶದ ಒಂದು ಪ್ರಕರಣದಲ್ಲಿ.

ಶಕೀರಾ ಖಲೀಲಿ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ರಿಚ್ಮಂಡ್ ರಸ್ತೆಯಲ್ಲಿ ದೊಡ್ಡ ಕಾಂಪೌಂಡಿನ ಬಂಗಲೆ, ನಾಲ್ವರು ಹೆಣ್ಣುಮಕ್ಕಳು. ರಾಜತಾಂತ್ರಿಕ ಅಧಿಕಾರಿಯಾಗಿದ್ದ ಪತಿಯಿಂದ ವಿಚ್ಛೇದನವಾದ ಮೇಲೆ 1986ರಲ್ಲಿ ಅವರು ಸ್ವಾಮಿ ಶ್ರದ್ಧಾನಂದ ಎಂದು ಕರೆದುಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರಾನನ್ನು ಮದುವೆಯಾದರು. ಆಸ್ತಿ ವ್ಯವಹಾರದ ಅಧಿಕಾರಪತ್ರವೂ ಅವನ ಕೈಗೆ ಬಂತು. 1991ರ ಮೇ ತಿಂಗಳ ಕೊನೆಯಿಂದ ಶಕೀರಾ ಯಾರ ಕಣ್ಣಿಗೂ ಬೀಳಲಿಲ್ಲ.

ಮಗಳೊಬ್ಬರು ಕೇಳಿದಾಗಲೆಲ್ಲ ಮಿಶ್ರಾನಿಂದ ಒಂದೊಂದು ಸಬೂಬು. ಒಮ್ಮೆ ಅಮೆರಿಕದ ರೂಸ್‌ವೆಲ್ಟ್ ಆಸ್ಪತ್ರೆಯಲ್ಲಿದ್ದಾಳೆ ಎಂದ. ವಿಚಾರಿಸಿದರೆ ಅಲ್ಲಿ ಆ ಹೆಸರಿನ ರೋಗಿಯೇ ಇರಲಿಲ್ಲ. ಮುಂದೆ ಮುಂಬೈಯ ಹೋಟೆಲೊಂದರಲ್ಲಿ ಅವನ ಸಾಮಾನಿನ ನಡುವೆ ಅಮ್ಮನ ಪಾಸ್‌ಪೋರ್ಟೇ ಕಣ್ಣಿಗೆ ಬಿತ್ತು. 1992ರಲ್ಲಿ ಆಕೆ ಅಶೋಕನಗರ ಠಾಣೆಗೆ ದೂರು ಕೊಟ್ಟರು. ಕಾಣೆಯಾದವರ ಕಡತ ಕೊಲೆಯ ಕಡತವಾಗಲು ಸುಮಾರು ಎರಡು ವರ್ಷ ಬೇಕಾಯಿತು, ಅದೂ ಕೇಂದ್ರ ಅಪರಾಧ ವಿಭಾಗದ (ಸಿಸಿಬಿ) ಕೈಗೆ ಹೋದ ಮೇಲೆ. 1994ರ ಮಾರ್ಚ್ 30ರಂದು ಅದೇ ಬಂಗಲೆಯ ಹಿಂದಿನ ಅಂಗಳ ಅಗೆದಾಗ ಮರದ ಪೆಟ್ಟಿಗೆ ಸಿಕ್ಕಿತು, ಒಳಗೆ ಅಸ್ಥಿಪಂಜರ. ಅಷ್ಟೂ ಕಾಲ ಮಿಶ್ರಾ ಆ ಮನೆಯಲ್ಲೇ ಓಡಾಡಿಕೊಂಡಿದ್ದ, ಆಸ್ತಿ ಮಾರಿಕೊಂಡಿದ್ದ.

ಸೆಷನ್ಸ್ ನ್ಯಾಯಾಲಯದ ತೀರ್ಪು ಬಂದದ್ದು 2005ರ ಮೇನಲ್ಲಿ, ಬಂಧನವಾಗಿ 11 ವರ್ಷಕ್ಕೆ. ಗಲ್ಲು. ಹೈಕೋರ್ಟ್ ಅದೇ ವರ್ಷ ಅದನ್ನು ಖಾಯಂ ಮಾಡಿತು.

ಸುಪ್ರೀಂ ಕೋರ್ಟಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಅಪರಾಧ ರುಜುವಾತಾಗಿದೆ ಎಂಬುದರಲ್ಲಿ 2007ರಲ್ಲಿ ಮೇಲ್ಮನವಿ ಕೇಳಿದ ಇಬ್ಬರು ನ್ಯಾಯಮೂರ್ತಿಗಳಿಗೂ ಅನುಮಾನವಿರಲಿಲ್ಲ. ನ್ಯಾ. ಮಾರ್ಕಂಡೇಯ ಕಾಟ್ಜು ಗಲ್ಲಾಗಲಿ ಎಂದರು. ನ್ಯಾ. ಎಸ್.ಬಿ. ಸಿನ್ಹಾ ಬೇಡ, ಸಾಯುವವರೆಗೆ ಜೈಲಿನಲ್ಲಿರಲಿ ಎಂದರು. ಅದೇ ಸಾಕ್ಷಿ, ಅದೇ ವಾದ, ಅದೇ ದಿನ, ಅಕ್ಕಪಕ್ಕ ಕೂತ ಇಬ್ಬರು. ಒಬ್ಬ ಮನುಷ್ಯನ ಕುತ್ತಿಗೆ ಯಾವ ಪೀಠದೆದುರು ಬಂತು ಎಂಬುದರ ಮೇಲೆ ಅವನ ಜೀವ ನಿಂತಿದೆ ಎಂದು ವಕೀಲರು ಕೋರ್ಟಿನ ಕಾರಿಡಾರಿನಲ್ಲಿ ಆಡಿಕೊಳ್ಳುವ ಮಾತಿಗೆ ಇದಕ್ಕಿಂತ ನೇರ ಪುರಾವೆ ಸಿಗುವುದು ಕಷ್ಟ. ಪ್ರಕರಣ ಮೂವರ ಪೀಠಕ್ಕೆ ಹೋಯಿತು. 2008ರ ಜುಲೈ 22ರ ತೀರ್ಪನ್ನು ಬರೆದ ನ್ಯಾ. ಅಫ್ತಾಬ್ ಆಲಂ ಈ ಅಸಮತೆಯನ್ನು ಮುಚ್ಚಿಡಲಿಲ್ಲ.

ಅವರ ತರ್ಕ ಹೀಗಿತ್ತು. ಗಲ್ಲಿಗೇರಿಸಲು ಮನಸ್ಸು ಪೂರ್ತಿ ಒಪ್ಪುತ್ತಿಲ್ಲ. ಬರಿಯ ಜೀವಾವಧಿ ಕೊಟ್ಟರೆ ಸರ್ಕಾರದ ಕ್ಷಮಾಪಣೆಯ, ಅಂದರೆ ಶಿಕ್ಷೆ ಕಡಿತದ, ಲೆಕ್ಕಾಚಾರದಲ್ಲಿ ಅದು 14 ವರ್ಷಕ್ಕೆ ಇಳಿಯುತ್ತದೆ, ಅಪರಾಧಕ್ಕೆ ಅದು ತೀರ ಕಡಿಮೆ. ಈ ಎರಡೇ ದಾರಿ ಇದ್ದರೆ ನ್ಯಾಯಾಲಯ ಒಲ್ಲದ ಮನಸ್ಸಿನಿಂದ ಗಲ್ಲಿನ ಕಡೆಗೇ ವಾಲಬಹುದು. ಹಾಗಾಗಿ ನಡುವೆ ಮೂರನೆಯದೊಂದು: ಯಾವ ಕ್ಷಮಾಪಣೆಯೂ ಇಲ್ಲದೆ ಬದುಕಿರುವಷ್ಟು ದಿನ ಸೆರೆ. ನನಗಂತೂ ಇದು ಶಿಕ್ಷೆಯ ಬಗ್ಗೆ ಎಷ್ಟೋ ಸರ್ಕಾರದ ಬಗ್ಗೆಯೂ ಅಷ್ಟೇ ಹೇಳುವ ತೀರ್ಪು. ನಾವು ಕೊಟ್ಟ ಶಿಕ್ಷೆಯನ್ನು ಕಾರ್ಯಾಂಗ ವಿವೇಚನೆಯಿಂದ ಕಾಪಾಡುತ್ತದೆ ಎಂಬ ನಂಬಿಕೆ ನಮಗಿಲ್ಲ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿಕೊಂಡಂತಾಯಿತು. ಕಾಫಿ ಕುಡಿಯುತ್ತ ‘ಬಿಡ್ರೀ’ ಅನ್ನುವವನ ಮಾತೂ ಅದೇ ತಾನೆ?

2015ರಲ್ಲಿ ಸಂವಿಧಾನ ಪೀಠ 3–2ರ ಬಹುಮತದಿಂದ ಈ ಹೊಸ ಶಿಕ್ಷೆಗೆ ಮುದ್ರೆ ಒತ್ತಿತು, ಹೈಕೋರ್ಟು ಮತ್ತು ಸುಪ್ರೀಂ ಕೋರ್ಟು ಮಾತ್ರ ಅದನ್ನು ವಿಧಿಸಬಹುದೆಂಬ ಮಿತಿಯೊಂದಿಗೆ. 2005ರಲ್ಲಿ ಬೆಂಗಳೂರಿನ ಬಿಪಿಒ ಉದ್ಯೋಗಿಯ ಅತ್ಯಾಚಾರ, ಕೊಲೆ ಮಾಡಿದ ಕ್ಯಾಬ್ ಚಾಲಕನಿಗೆ 2023ರಲ್ಲಿ ಸುಪ್ರೀಂ ಕೋರ್ಟು ಇದೇ ದಾರಿಯಲ್ಲಿ 30 ವರ್ಷ ಎಂದು ನಿಗದಿ ಮಾಡಿತು. ಸರಣಿ ಹಂತಕ ಉಮೇಶ್ ರೆಡ್ಡಿಗೂ 2022ರಲ್ಲಿ ಗಲ್ಲು ತಪ್ಪಿ 30 ವರ್ಷವಾಯಿತು, ಆದರೆ ಕಾರಣ ಬೇರೆ: ಬೆಳಗಾವಿ ಜೈಲಿನಲ್ಲಿ ಅವನನ್ನು ವರ್ಷಗಟ್ಟಲೆ ಏಕಾಂತದಲ್ಲಿ ಇಟ್ಟಿದ್ದರು. ಆ ಏಕಾಂತದ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಬರೆದಿರಲಿಲ್ಲ. ಅವನ ಹೆಸರು ಕೇಳಿದರೆ ಇಂದಿಗೂ ಜನ ಹಲ್ಲು ಕಡಿಯುತ್ತಾರೆ, ನಿಜ. ಆದರೂ ತೀರ್ಪಿನಲ್ಲಿಲ್ಲದ ಶಿಕ್ಷೆ ಕೊಡಲು ಜೈಲಿಗೆ ಅಧಿಕಾರವಿಲ್ಲ.

ತೀರ್ಪಿನಲ್ಲಿಲ್ಲದ ಸೌಲಭ್ಯ ಕೊಡಲೂ ಇಲ್ಲ. 2017ರಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿ ತಮಿಳುನಾಡಿನ ರಾಜಕಾರಣಿ ಶಶಿಕಲಾ ಅವರಿಗೆ ವಿಶೇಷ ಸವಲತ್ತು ಸಿಗುತ್ತಿದೆ ಎಂದು ಡಿಐಜಿ ಡಿ. ರೂಪಾ ವರದಿ ಕೊಟ್ಟರು. 2024ರ ಆಗಸ್ಟಿನಲ್ಲಿ ಅಲ್ಲೇ ವಿಚಾರಣಾಧೀನ ಕೈದಿಯಾಗಿದ್ದ ನಟ ದರ್ಶನ್ ಕುರ್ಚಿಯಲ್ಲಿ ಕೂತು, ಕೈಯಲ್ಲಿ ಮಗ್ಗು, ಸಿಗರೇಟು ಹಿಡಿದ ಫೋಟೊ ಹೊರಬಿತ್ತು. ಶಿಕ್ಷೆ ಎಷ್ಟು ವರ್ಷ ಎಂಬುದಕ್ಕಿಂತ ಇಂಥ ಒಂದು ಫೋಟೊ ಜನರ ನಂಬಿಕೆಗೆ ಹೆಚ್ಚು ಪೆಟ್ಟು ಕೊಡುತ್ತದೆ. ಶಿವಾಜಿನಗರದಲ್ಲಿ ಮೊಬೈಲು ಕದ್ದು ಒಳಗೆ ಹೋದ ಹುಡುಗನಿಗೆ ಕುರ್ಚಿ ಯಾರು ಹಾಕುತ್ತಾರೆ?

ಈಗ ರಿಚ್ಮಂಡ್ ರಸ್ತೆ ಪ್ರಕರಣದ ಕೈದಿ ಮಿಶ್ರಾ 80 ದಾಟಿದ್ದಾನೆ. ಮಧ್ಯಪ್ರದೇಶದ ಸಾಗರ ಜೈಲಿಗೆ ಹೋಗಿ ವರ್ಷಗಳಾದವು. 1994ರಿಂದ ಒಂದೇ ಒಂದು ದಿನ ಪೆರೋಲ್ ಸಿಕ್ಕಿಲ್ಲ, ರಾಜೀವ್ ಗಾಂಧಿ ಹಂತಕರೇ ಬಿಡುಗಡೆಯಾಗಿದ್ದಾರೆ, ನನಗೇಕಿಲ್ಲ ಎಂಬುದು ಆತನ ಅರ್ಜಿಯ ಸಾರ. ಮಾಡಿದ ಕೃತ್ಯ ನೆನೆದರೆ ಕನಿಕರ ಹುಟ್ಟುವುದಿಲ್ಲ, ನನಗೂ ಹುಟ್ಟಲಿಲ್ಲ. ಆದರೆ ಹೋಲಿಕೆಯ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎಂದಾದರೂ ಮರುಪರಿಶೀಲನೆಯಾಗುವ ಸಾಧ್ಯತೆಯೇ ಇಲ್ಲದ ಆಜೀವ ಸೆರೆ ಅಮಾನವೀಯ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2013ರಲ್ಲಿ ಬ್ರಿಟನ್ನಿನ ಪ್ರಕರಣವೊಂದರಲ್ಲಿ ಹೇಳಿತ್ತು. ಬಿಡಲೇಬೇಕು ಎಂದಲ್ಲ, ಒಮ್ಮೆಯಾದರೂ ಕಡತ ತೆರೆದು ನೋಡಿ ಎಂದು. 2025ರ ಫೆಬ್ರುವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟೂ, ಕ್ಷಮಾಪಣೆಗೆ ಅರ್ಹರಾದ ಕೈದಿಗಳನ್ನು ಅವರು ಅರ್ಜಿ ಹಾಕದಿದ್ದರೂ ರಾಜ್ಯಗಳು ಪರಿಗಣಿಸಬೇಕು, ಕಾರಣ ಬರೆಯಬೇಕು ಎಂದಿದೆ. ಆ ಕಾರಣಗಳು ಸ್ವಾತಂತ್ರ್ಯ ದಿನದ ಬಿಡುಗಡೆ ಪಟ್ಟಿಯ ಜತೆಗೇ ಪ್ರಕಟವಾಗಲಿ, ಕೊಲೆಯಾದವರ ಮನೆಯವರಿಗೆ ಮುಂಚಿತವಾಗಿ ತಿಳಿಯಲಿ. ಆಗ ಮೂರನೇ ಶಿಕ್ಷೆಯ ಅಗತ್ಯವೇ ಬಹುಪಾಲು ತಗ್ಗುತ್ತದೆ.

ಬಿಡುಗಡೆ ಕೋರಿದ ಮಿಶ್ರಾನ ಅರ್ಜಿಯನ್ನು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಆದರೆ 2008ರ ತೀರ್ಪಿನ ಮರುಪರಿಶೀಲನೆ ಕೋರಿದ ಇನ್ನೊಂದು ಅರ್ಜಿಯ ಮೇಲೆ ಕರ್ನಾಟಕ ಸರ್ಕಾರಕ್ಕೆ ನೋಟಿಸ್ ಕೊಟ್ಟಿತು. ಆ ತೀರ್ಪಿನ ಒಂದು ಸಾಲು ಬದಲಾದರೂ ಅದನ್ನು ಆಧಾರವಾಗಿಟ್ಟುಕೊಂಡು ಶಿಕ್ಷೆಯಾದ ಕೈದಿಗಳೆಲ್ಲ ದೇಶದ ಜೈಲುಗಳಿಂದ ಅರ್ಜಿ ಹಿಡಿದು ಬರುತ್ತಾರೆ.