ಪಂಚವಟಿಯಲ್ಲಿ ಕಾಲ್ನಡಿಗೆ

ಊರಿನಿಂದ ಹೆಂಡತಿ ಮಕ್ಕಳು ಬಂದಾಗ ಅವರನ್ನು ಎಲ್ಲಿಗೆ ಕರೆದೊಯ್ಯುವುದೆಂಬ ಚಿಂತೆಯು ಹೋಟೆಲು ನೌಕರನಿಗೂ ಗುಮಾಸ್ತನಿಗೂ ಸಮಾನವಾದುದು. ರಜೆ ಒಂದೇ ದಿನ, ಕಿಸೆಯೂ ಹಗುರ. ಘೋಟಿಯ ಆಸುಪಾಸಿನಲ್ಲಿ ದುಡಿಯುವ ಬಾಂಧವರಿಗಾದರೋ ನಾಸಿಕವು ಮುಂಬಯಿ-ಆಗ್ರಾ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರು ಮಾತ್ರ. ಅಲ್ಲಿ ಬಸ್ಸಿನಿಂದಿಳಿದ ಮೇಲೆ ಕಾಲುಗಳೇ ಸಾಕು.

ವಾಹನವೇರಿ ಹೋದವರಿಗೆ ದೇವಾಲಯಗಳು ಮಾತ್ರ ಕಾಣುತ್ತವೆ. ನಡೆದು ಹೋದವರಿಗೆ ಊರೇ ಕಾಣುತ್ತದೆ. ಸರಾಫ ಬಜಾರಿನ ಇಕ್ಕಟ್ಟಾದ ಓಣಿಗಳನ್ನು ದಾಟಿ ಭಾಂಡಿ ಬಜಾರಿಗೆ ಬಂದರೆ, ತಾಮ್ರ ಹಿತ್ತಾಳೆಯ ಪಾತ್ರೆಗಳ ಮುಂದೆ ಅಡುಗೆಯವನ ಕಾಲು ತಾನಾಗಿಯೇ ನಿಲ್ಲುವುದು. ಮುಂದೆ ಗೋದಾವರಿ. ಹೊಳೆಯಲ್ಲಿ ನಿಂತಿರುವ ಎರಡು ಮುಖದ 'ದುತೋಂಡ್ಯಾ ಮಾರುತಿ'ಯು ಊರವರಿಗೆ ನೆರೆಯ ಅಳತೆಗೋಲು. ನೀರು ಅವನ ಸೊಂಟಕ್ಕೆ ಬಂದಿತೋ, ಕೊರಳಿಗೆ ಬಂದಿತೋ ಎಂದೇ ಮಳೆಗಾಲದಲ್ಲಿ ವಿಚಾರಿಸುತ್ತಾರೆ. ಸೇತುವೆಯಾಚೆ ಪಂಚವಟಿ, ರಾಮಕುಂಡ. ಎದುರಿಗೆ ನಂದಿಯಿಲ್ಲದ ಶಿವಾಲಯವಾದ ಕಪಾಲೇಶ್ವರ. ನಂದಿಯೆಲ್ಲಿ ಎಂದು ಮಕ್ಕಳು ಕೇಳದೆ ಬಿಡರು. ಶಿವನು ಇಲ್ಲಿ ನಂದಿಯನ್ನು ಗುರುವೆಂದು ಭಾವಿಸಿದನೆಂಬ ಸ್ಥಳಪುರಾಣವನ್ನು ಹೇಳಬಹುದು.

ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಗೆ ಕಾಳಾರಾಮ ಮಂದಿರ. ಹದಿನೆಂಟನೆಯ ಶತಮಾನದಲ್ಲಿ ಸರದಾರ ರಂಗರಾವ್ ಓಢೇಕರರು ಕಪ್ಪು ಕಲ್ಲಿನಲ್ಲಿ ಕಟ್ಟಿಸಿದುದು. ಬಹುಮಂದಿ ದರ್ಶನ ಮಾಡಿ ಹಿಂದಿರುಗುತ್ತಾರೆ. ಆದರೆ ಮಕ್ಕಳಿಗೆ ಮುಖ್ಯವಾಗಿ ತೋರಿಸಬೇಕಾದುದು ಅದರ ಬಾಗಿಲುಗಳನ್ನು. 1930ರ ಮಾರ್ಚಿ 2ರಂದು ಡಾ. ಅಂಬೇಡ್ಕರರ ನೇತೃತ್ವದಲ್ಲಿ ಸಾವಿರಾರು ಜನ ಇಲ್ಲಿಗೆ ನಡೆದು ಬಂದರು. ಅಸ್ಪೃಶ್ಯರೆನಿಸಿದ್ದ ಅವರಿಗೆ ಬಾಗಿಲುಗಳನ್ನು ಮುಚ್ಚಲಾಯಿತು. ಅವರು ದ್ವಾರಗಳ ಮುಂದೆ ಶಾಂತರಾಗಿ ಕುಳಿತರು. ಸ್ಥಳೀಯವಾಗಿ ದಾದಾಸಾಹೇಬ ಗಾಯಕವಾಡರು ಮುನ್ನಡೆಸಿದ ಸತ್ಯಾಗ್ರಹವು ವರ್ಷಗಳ ಕಾಲ ನಡೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ 13ರಂದು ಇದೇ ಜಿಲ್ಲೆಯ ಯೇವಲೆಯಲ್ಲಿ ಅಂಬೇಡ್ಕರರು, ತಾವು ಹಿಂದುವಾಗಿ ಸಾಯೆನೆಂದು ಘೋಷಿಸಿದರು.

ಈ ವೃತ್ತಾಂತವು ಹೋಟೆಲಿನವರಾದ ನಮಗೆ ಹೊರಗಿನದಲ್ಲ. ದಕ್ಷಿಣದ ಎಷ್ಟೋ ಉಪಾಹಾರ ಗೃಹಗಳಲ್ಲಿ ಜಾತಿಗೊಂದು ಪಂಕ್ತಿಯಿದ್ದ ಕಾಲವೂ ಇತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 15ನೆಯ ವಿಧಿಯು ಜಾತಿಯ ಕಾರಣದಿಂದ ಅಂಗಡಿ ಹೋಟೆಲುಗಳಲ್ಲಿ ಯಾರನ್ನೂ ತಡೆಯಬಾರದೆಂದು ಹೆಸರು ಹಿಡಿದೇ ಹೇಳಿತು. ಗಿರಾಕಿ ಯಾರೆಂದು ಕೇಳದೆ ನಾವಿಂದು ಮೇಜಿಗೆ ತಟ್ಟೆಯಿಡುವುದರ ಹಿಂದೆ, ಇಂತಹ ಬಾಗಿಲುಗಳ ಮುಂದೆ ಬಿಸಿಲಿನಲ್ಲಿ ಕುಳಿತವರ ಋಣವಿದೆ.

ಆದುದರಿಂದ ಮುಂದಿನ ರಜೆಯಲ್ಲಿ, ಬಿಸಿಲೇರುವ ಮೊದಲೇ ಹೊರಡಿರಿ. ಮಂದಿರದ ನಾಲ್ಕು ದಿಕ್ಕಿನ ದ್ವಾರಗಳನ್ನೂ ಮಕ್ಕಳ ಕೈಹಿಡಿದು ಸುತ್ತಿ ಬನ್ನಿರಿ. ಅವು ಒಮ್ಮೆ ಮುಚ್ಚಿದ್ದವೆಂದು ಹೇಳಿರಿ. ಏಕೆಂದು ಅವರೇ ಕೇಳುವರು.