ಹಳೆಯ ಕಾರಿಗೆ ಜ್ವರ ಬಂದರೆ

ಘಟ್ಟದ ತಿರುವಿನಲ್ಲಿ ಬಾನೆಟ್ ತೆರೆದು, ಹಬೆಯಾಡುತ್ತಾ ನಿಂತ ಹಳೆಯ ಕಾರನ್ನು ನೀವು ನೋಡಿರಬಹುದು. ಸುತ್ತ ಸೇರಿದವರು ತಲೆಗೊಂದು ಸಲಹೆ ಕೊಡುತ್ತಾರೆ. ಫ್ಯಾನ್ ಕೆಟ್ಟಿದೆ ಎನ್ನುತ್ತಾರೆ ಒಬ್ಬರು, ರೇಡಿಯೇಟರ್ ಬದಲಿಸಿ ಎನ್ನುತ್ತಾರೆ ಇನ್ನೊಬ್ಬರು. ರೋಗಿಗೆ ಜ್ವರ ಯಾವಾಗ ಏರುತ್ತದೆ ಎಂದು ವೈದ್ಯರು ಮೊದಲು ವಿಚಾರಿಸುವುದಿಲ್ಲವೇ? ಇಲ್ಲಿಯೂ ಮೊದಲ ಪ್ರಶ್ನೆ ಅದೇ: ಎಂಜಿನ್ ಯಾವಾಗ ಬಿಸಿಯಾಗುತ್ತದೆ?

ಪೆಟ್ರೋಲ್ ಉರಿದಾಗ ಬರುವ ಶಕ್ತಿಯಲ್ಲಿ ಹಳೆಯ ಎಂಜಿನ್ನುಗಳು ಚಲನೆಗೆ ಬಳಸಿಕೊಳ್ಳುವುದು ಸುಮಾರು ಮೂರರಲ್ಲಿ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ, ಇಲ್ಲವೇ ಸಿಲಿಂಡರಿನ ಗೋಡೆಗೆ ತಗಲುತ್ತದೆ. ಗೋಡೆಯ ಉಷ್ಣವನ್ನು ನೀರು ಹೊತ್ತು ರೇಡಿಯೇಟರಿಗೆ ಒಯ್ಯುತ್ತದೆ. ಅಲ್ಲಿ ಗಾಳಿ ಅದನ್ನು ತಣಿಸುತ್ತದೆ. ಎಂದರೆ ಬೇಕಾದದ್ದು ಎರಡು ಹರಿವು: ಒಳಗೆ ನೀರಿನದು, ಹೊರಗೆ ಗಾಳಿಯದು. ಯಾವುದು ನಿಂತಿದೆ ಎಂದು ಕಂಡುಕೊಳ್ಳುವುದೇ ರೋಗನಿದಾನ.

ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಫ್ಯಾನಿಗೆ ಹೆಚ್ಚು ಕೆಲಸವಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಫ್ಯಾನೇ ಗತಿ. ಆದ್ದರಿಂದ ನಿಂತಾಗ ಮಾತ್ರ ಮುಳ್ಳು ಏರಿ, ಹೆದ್ದಾರಿಯಲ್ಲಿ ಇಳಿದರೆ ಫ್ಯಾನನ್ನು ಸಂಶಯಿಸಿ. ಹೆದ್ದಾರಿಯಲ್ಲಿ ಮತ್ತು ಏರಿನಲ್ಲಿಯೂ ಏರಿದರೆ ನೀರಿನ ಕೊರತೆ, ಕಟ್ಟಿಕೊಂಡ ರೇಡಿಯೇಟರ್ ಅಥವಾ ಸವೆದ ನೀರಿನ ಪಂಪನ್ನು ನೋಡಿ. ಹೊರಟ ಕೆಲವೇ ನಿಮಿಷಗಳಲ್ಲಿ ಕಾದು, ರೇಡಿಯೇಟರಿನ ಕೆಳಗಿನ ಕೊಳವೆ ಮಾತ್ರ ತಣ್ಣಗಿದ್ದರೆ, ದಾರಿ ತೆರೆಯಬೇಕಾದ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕುಳಿತಿರಬಹುದು.

ಈಗ ಫ್ಯಾನಿನ ವಿಚಾರ. ಹಳೆಯ ಅಂಬಾಸಡರಿನಲ್ಲಿ ಎಂಜಿನ್ನೇ ಬೆಲ್ಟಿನ ಮೂಲಕ ಫ್ಯಾನನ್ನೂ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟು ಸಡಿಲವಾದರೆ ಎರಡೂ ಸೊರಗುತ್ತವೆ. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿದೆ; ಫ್ಯಾನಿಗೆ ಬೇರೆಯೇ ವಿದ್ಯುತ್ ಮೋಟಾರು. ಇಂಥ ಹಳೆಯ ಕಾರುಗಳಲ್ಲಿ ನೀರು ಸುಮಾರು 90ರಿಂದ 100 ಡಿಗ್ರಿ ಮುಟ್ಟಿದಾಗ ಉಷ್ಣಸ್ವಿಚ್ಚೊಂದು ಮೋಟಾರನ್ನು ಚಾಲೂ ಮಾಡುತ್ತದೆ.

ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್ ನೋಡಬೇಕು. ಅದು ಸರಿಯಿದ್ದರೆ ಮೆಕ್ಯಾನಿಕ್ ಉಷ್ಣಸ್ವಿಚ್ಚಿನ ಎರಡು ತಂತಿಗಳನ್ನು ಕಳಚಿ ನೇರವಾಗಿ ಜೋಡಿಸುತ್ತಾನೆ. ಫ್ಯಾನ್ ತಿರುಗಿತೆಂದರೆ ಮೋಟಾರು ಚೆನ್ನಾಗಿದೆ, ದೋಷ ಸ್ವಿಚ್ಚಿನದು. ತಿರುಗದಿದ್ದರೆ ರಿಲೇ, ತಂತಿ, ಮೋಟಾರುಗಳ ಸರದಿ. ಕಂಪ್ಯೂಟರ್ ನಿಯಂತ್ರಣದ ಹೊಸ ಕಾರುಗಳಲ್ಲಿ ಈ ಪ್ರಯೋಗ ಸಲ್ಲದು. ಇನ್ನೊಂದು ಸೂಕ್ಷ್ಮ: ಮೋಟಾರು ರಿಪೇರಿಯಾದಾಗ ತಂತಿ ಅದಲುಬದಲಾದರೆ ಫ್ಯಾನ್ ಹಿಂದುಮುಂದಾಗಿ ತಿರುಗುತ್ತದೆ. ರೇಡಿಯೇಟರಿನ ಹಿಂದಿರುವ ಫ್ಯಾನ್ ಗಾಳಿಯನ್ನು ಒಳಕ್ಕೆ ಎಳೆಯಬೇಕು. ಮುಂಭಾಗಕ್ಕೆ ಹಿಡಿದ ಕಾಗದ ಅಂಟಿಕೊಳ್ಳಬೇಕು. ಹಾರಿದರೆ ದಿಕ್ಕು ತಪ್ಪಿದೆ.

ಇನ್ನು ರೇಡಿಯೇಟರಿನ ಮುಚ್ಚಳ. ಅದು ಬರಿಯ ಬಿರಡೆಯಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒತ್ತಡವನ್ನು ಏರಿಸಿ ಕುದಿಬಿಂದುವನ್ನು 110 ಡಿಗ್ರಿಗೂ ಮೇಲಕ್ಕೆ ಒಯ್ಯುತ್ತದೆ. ಸ್ಪ್ರಿಂಗು ಸೋತರೆ, ಉಳಿದೆಲ್ಲ ಸರಿಯಿದ್ದರೂ ನೀರು ಬೇಗ ಕುದಿದು ಹೊರಚೆಲ್ಲುತ್ತದೆ.

ಅಪಾಯವಿರುವುದೂ ಇಲ್ಲಿಯೇ. 110 ಡಿಗ್ರಿಯ ನೀರಿರುವಾಗ ಮುಚ್ಚಳ ತೆರೆದರೆ ಒತ್ತಡ ಥಟ್ಟನೆ ಇಳಿಯುತ್ತದೆ. ನೀರು 100 ಡಿಗ್ರಿಗೆ ಇಳಿಯುವಾಗ ಬಿಡುವ ಉಷ್ಣವೇ ಅದರ ಒಂದಂಶವನ್ನು ಹಬೆ ಮಾಡುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಕಿಲೋಗ್ರಾಂ ನೀರು 10 ಡಿಗ್ರಿ ತಣಿದರೆ ಸುಮಾರು 42 ಕಿಲೋಜೌಲ್ ಹೊರಬರುತ್ತದೆ. ಒಂದು ಗ್ರಾಂ ನೀರನ್ನು ಹಬೆಯಾಗಿಸಲು ಸುಮಾರು 2.26 ಕಿಲೋಜೌಲ್ ಸಾಕು. ಅಂದರೆ 18 ಗ್ರಾಂ ನೀರು ಹಬೆಯಾಗಿ, ಸುಮಾರು 30 ಲೀಟರ್ ಜಾಗ ಬೇಡುತ್ತದೆ! ಅದು ಕುದಿನೀರನ್ನೂ ಹೊತ್ತು ಚಿಮ್ಮುವುದು ತೆರೆದವನ ಮುಖಕ್ಕೆ, ಕೈಗೆ.

ಆದ್ದರಿಂದ ಮುಳ್ಳು ಕೆಂಪು ಮುಟ್ಟಿದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಅರ್ಧ ಗಂಟೆಯಾದರೂ ಕಾಯಿರಿ; ಮೇಲಿನ ಕೊಳವೆ ಮುಟ್ಟುವಷ್ಟು ತಣಿದ ಮೇಲೆಯೇ ಮುಚ್ಚಳಕ್ಕೆ ಕೈಹಾಕಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಎಂಜಿನ್ ಆರಿಸಿದ್ದರೂ ವಿದ್ಯುತ್ ಫ್ಯಾನ್ ತಟ್ಟನೆ ತಿರುಗಬಹುದು, ಬೆರಳು ದೂರವಿರಲಿ.

ಕೊನೆಯದಾಗಿ, ಕಾದ ಎಂಜಿನ್ನಿನ ಮುಳ್ಳು ತಾನಾಗಿ ಇಳಿದರೆ ಸಂತೋಷಪಡಬೇಡಿ. ನೀರೆಲ್ಲ ಸೋರಿಹೋದಾಗ ಸಂವೇದಕ ನೀರಿಲ್ಲದೆ ತಪ್ಪು ಸುದ್ದಿ ಹೇಳುವುದುಂಟು. ಆಗಲೂ ಓಡಿಸಿದರೆ ಸಿಲಿಂಡರಿನ ತಲೆ ಸೊಟ್ಟಗಾಗಿ, ಕೆಲವು ನೂರು ರೂಪಾಯಿಯ ರಿಪೇರಿ ಹಲವು ಸಾವಿರದ್ದಾಗುತ್ತದೆ.